ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ಕಿರುಕುಳ: ನರ್ಸಿಂಗ್ ವಿದ್ಯಾರ್ಥಿಗಳು ಏನು ಮಾಡಬೇಕು

ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ, ಅಂದರೆ ಆಸ್ಪತ್ರೆಯ ವಾರ್ಡ್‌ಗಳಲ್ಲಿ ಪಡೆಯುವ ಪ್ರಾಯೋಗಿಕ ತರಬೇತಿಯಲ್ಲಿ, ಔಷಧದ ಪ್ರಮಾಣವನ್ನು ತಪ್ಪಾಗಿ ಲೆಕ್ಕ ಹಾಕಿದ ವಿದ್ಯಾರ್ಥಿನಿಯನ್ನು ವಾರ್ಡ್ ಸಿಸ್ಟರ್ ಏರುದನಿಯಲ್ಲಿ ತಡೆದರೆ ಅದನ್ನು ಕಿರುಕುಳವೆನ್ನಲಾಗದು, ಏಕೆಂದರೆ ಅಲ್ಲಿ ರೋಗಿಯ ಜೀವದ ಪ್ರಶ್ನೆಯಿದೆ. ಆದರೆ ಅದೇ ತಪ್ಪನ್ನು ರೋಗಿಗಳ ಮತ್ತು ಅವರ ಕಡೆಯವರ ಎದುರು ದಿನವೂ ಎತ್ತಿ ಆಡುವುದು, ಜಾತಿ, ಊರು, ಭಾಷೆಯನ್ನು ಹಿಡಿದು ಹಂಗಿಸುವುದು, ಕಲಿಯಬೇಕಾದ ಕೆಲಸ ಕೊಡದೆ ಡ್ಯೂಟಿ ಮುಗಿಯುವವರೆಗೂ ಸಾಮಾನು ಹೊರಿಸುವುದು, ಇಂಟರ್ನಲ್ ಅಂಕ ಕಡಿಮೆ ಮಾಡುವೆನೆಂದು ಬೆದರಿಸುವುದು ಇವೆಲ್ಲ ಕಿರುಕುಳವೇ. ಕೇರಳದಿಂದ ಕರ್ನಾಟಕಕ್ಕೆ ಓದಲು ಬಂದವರು ಕನ್ನಡ ಬಾರದ ಕಾರಣಕ್ಕೆ ಅವಮಾನಕ್ಕೊಳಗಾದರೆ ಅದೂ ಇದರಲ್ಲಿಯೇ ಸೇರುತ್ತದೆ.

ನಡೆದದ್ದನ್ನು ಅದೇ ದಿನ ಬರೆದಿಡಿ: ದಿನಾಂಕ, ವಾರ್ಡ್, ಪಾಳಿ, ಆಡಿದ ಮಾತು ಇದ್ದಂತೆಯೇ, ಹತ್ತಿರದಲ್ಲಿದ್ದವರ ಹೆಸರು. ಇದನ್ನು ತರಬೇತಿಯ ಕೆಲಸ ದಾಖಲಿಸುವ ಲಾಗ್‌ಬುಕ್‌ನಲ್ಲಿ ಬರೆಯಬೇಡಿ, ಅದು ಹಲವರ ಸಹಿಗೆ ಹೋಗುತ್ತದೆ. ರೋಗಿಯ ಹೆಸರನ್ನು ಬರೆಯುವುದಾಗಲಿ, ವಾರ್ಡ್‌ನಲ್ಲಿ ಮೊಬೈಲ್‌ನಿಂದ ಚಿತ್ರೀಕರಿಸುವುದಾಗಲಿ ಬೇಡ. ರೋಗಿಯ ಗೋಪ್ಯತೆಗೆ ಧಕ್ಕೆ ಬಂದರೆ ಆರೋಪ ನಿಮ್ಮ ಕಡೆಗೇ ತಿರುಗುತ್ತದೆ.

ಮೊದಲು ವಾರ್ಡ್‌ನಲ್ಲಿ ಕಲಿಸುವ ಶಿಕ್ಷಕರಿಗೆ (ಕ್ಲಿನಿಕಲ್ ಇನ್‌ಸ್ಟ್ರಕ್ಟರ್) ತಿಳಿಸಿ; ತೊಂದರೆ ಅವರಿಂದಲೇ ಆಗುತ್ತಿದ್ದರೆ ಪ್ರಾಂಶುಪಾಲರಿಗೆ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ. ಸೀನಿಯರ್ ವಿದ್ಯಾರ್ಥಿಗಳ ಕಾಟವಾದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಗಳಿವೆ, 1800-180-5522 ಸಹಾಯವಾಣಿಗೆ ಹಗಲುರಾತ್ರಿ ಕರೆ ಮಾಡಬಹುದು. ಆ ನಿಯಮಗಳು ರ‍್ಯಾಗಿಂಗ್ ಎಂದು ಕರೆಯುವುದು ವಿದ್ಯಾರ್ಥಿಗಳು ವಿದ್ಯಾರ್ಥಿಗಳಿಗೆ ಕೊಡುವ ಹಿಂಸೆಯನ್ನು. ಆದ್ದರಿಂದ ಆಸ್ಪತ್ರೆಯ ಸಿಬ್ಬಂದಿಯ ವಿರುದ್ಧದ ದೂರು ಕಾಲೇಜಿನ ಮೂಲಕ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಕೈ ಸೇರುವಂತೆ ನೋಡಿಕೊಳ್ಳಬೇಕು. ವಿದ್ಯಾರ್ಥಿನಿಯರಿಗೆ ಲೈಂಗಿಕ ಕಿರುಕುಳವಾದರೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ, ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿಗೆ ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು.

ಕಿರುಕುಳಕ್ಕೆ ಹೆದರಿ ಡ್ಯೂಟಿ ತಪ್ಪಿಸುವವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೂ ಪದವಿಗೆ ಮುನ್ನ ಪ್ರಾಯೋಗಿಕ ತರಬೇತಿಯಲ್ಲಿ ಶೇ. 100 ಹಾಜರಾತಿ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮವಾದ್ದರಿಂದ, ತಪ್ಪಿಸಿದ ದಿನಗಳನ್ನು ಮತ್ತೆ ತುಂಬಿಕೊಡಬೇಕಾಗುತ್ತದೆ. ಬೇರೆ ವಾರ್ಡ್‌ಗೆ ಹಾಕುವಂತೆ ಕೇಳುವುದೇ ಮೇಲು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ಬೈಗುಳಕ್ಕೆ ಅಂಜಿದ ವಿದ್ಯಾರ್ಥಿನಿ ಗೊತ್ತಿಲ್ಲದ್ದನ್ನು ಕೇಳುವುದನ್ನೇ ಬಿಡುತ್ತಾಳೆ, ಅದರ ಪೆಟ್ಟು ರೋಗಿಗೂ ಬೀಳುತ್ತದೆ. ಅನುಮಾನವಿದ್ದಾಗ ಯಾರು ಏನೆಂದರೂ ಕೇಳಿಯೇ ಔಷಧ ಕೊಡಿ.

ನಿದ್ದೆ ಬಾರದಿರುವುದು, ಡ್ಯೂಟಿಯ ಬೆಳಿಗ್ಗೆ ಹೊಟ್ಟೆ ತೊಳಸುವುದು, ಊಟ ಸೇರದಿರುವುದು, ಕಾರಣವಿಲ್ಲದೆ ಅಳು ಬರುವುದು ಎರಡು ವಾರ ಮೀರಿದರೆ ಆಪ್ತಸಮಾಲೋಚಕರನ್ನು ಅಥವಾ ಮನೋವೈದ್ಯರನ್ನು ಕಾಣಿರಿ. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು. ಬದುಕು ಬೇಡವೆಂಬ ಯೋಚನೆ ಬಂದರೆ ಎರಡು ವಾರ ಕಾಯಬೇಡಿ. ಆ ಕ್ಷಣವೇ ಕರೆ ಮಾಡಿ, ರೂಮ್‌ಮೇಟ್‌ಗೆ ಹೇಳಿ. ಹಾಗೆ ಹೇಳಿಸಿಕೊಂಡ ಗೆಳತಿ ಅವಳನ್ನು ಒಂಟಿಯಾಗಿ ಬಿಡದೆ, ವಾರ್ಡನ್‌ಗೆ ಮತ್ತು ಮನೆಯವರಿಗೆ ಆ ರಾತ್ರಿಯೇ ತಿಳಿಸಬೇಕು.