ಮನೆ ರೂಲ್ಸಿಗೆ ಮಕ್ಕಳನ್ನೂ ಕೂರಿಸ್ಕೊಂಡಿದ್ದು: ನನ್ನ ಅನುಭವ

ನಾನು ಗ್ರಾಮ ಪಂಚಾಯ್ತೀಲಿ ಪಿಡಿಒ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ವರ್ಷಕ್ಕೊಂದ್ಸಲ ಮಕ್ಕಳ ಗ್ರಾಮಸಭೆ ಮಾಡಿಸೋ ಜವಾಬ್ದಾರಿ ನಂದು. ಶಾಲೆ ಮಕ್ಕಳು ಎದ್ದು ನಿಂತು ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಿಲ್ಸಲ್ಲ ಅಂತೆಲ್ಲ ಹೇಳ್ತಾರೆ, ನಾವು ಬರ್ಕೊಂಡು ಉತ್ತರ ಕೊಡ್ಬೇಕು. ಒಂದ್ಸಲ 8ನೇ ಕ್ಲಾಸಲ್ಲಿರೋ ಮಗಳಿಗೆ ಸ್ಕೂಲ್ ರಜೆ ಇತ್ತು, ಕರ್ಕೊಂಡು ಹೋದೆ. ವಾಪಸ್ ಬರ್ತಾ ಬೈಕಲ್ಲಿ ಹಿಂದಿಂದ ಕೇಳಿದ್ಲು, "ಅಪ್ಪಾ, ಆ ಹುಡುಗಿ ಹೇಳಿದ್ದನ್ನ ಪುಸ್ತಕದಲ್ಲಿ ಬರ್ಕೊಂಡೆ, ಮನೇಲಿ ನಾನು ಬಾಯಿ ಬಿಟ್ರೆ ಎದುರು ಮಾತಾಡ್ಬೇಡ ಅಂತೀಯಲ್ಲ?" ಹೆಲ್ಮೆಟ್ ಹಾಕಿದ್ದೆ, ಕೇಳಿಸ್ಲಿಲ್ಲ ಅನ್ನೋ ಥರ ಸುಮ್ನಿದ್ದೆ.

ಆದ್ರೂ ಮಾತು ಚುಚ್ತಾ ಇತ್ತು. ಮುಂದಿನ ಭಾನುವಾರ ಎಲ್ಲಾರನ್ನೂ ಹಾಲಲ್ಲಿ ಕೂರಿಸಿ ಇವತ್ತಿಂದ ರೂಲ್ಸ್ ಎಲ್ಲಾ ಓಟ್ ಹಾಕಿ ಮಾಡೋಣ ಅಂದೆ, ಅಲ್ಲೇ ಎಡವಿದ್ದು. ನಾನು, ಹೆಂಡ್ತಿ, ಮಗಳು, 4ನೇ ಕ್ಲಾಸಿನ ಮಗ, ನಮ್ಮಮ್ಮ, ಒಟ್ಟು ಐದು ಓಟು. ಅಮ್ಮ ಮೊಮ್ಮಕ್ಕಳ ಪಾರ್ಟಿ ಅಂತ ಗೊತ್ತಿದ್ದೂ ಲೆಕ್ಕ ಹಾಕಿರ್ಲಿಲ್ಲ ನೋಡಿ. ರಾತ್ರಿ ಹನ್ನೊಂದರವರೆಗೂ ಟಿವಿ, ಮೂರಕ್ಕೆ ಎರಡರಲ್ಲಿ ಪಾಸ್! ಎರಡು ವಾರಕ್ಕೆ ಮಗ ಕ್ಲಾಸಲ್ಲಿ ತೂಕಡಿಸ್ತಾನೆ ಅಂತ ಡೈರೀಲಿ ಬರೆದು ಕಳಿಸಿದ್ರು. ಸಿಟ್ಟು ಬಂದು ಎಲ್ಲಾ ಕ್ಯಾನ್ಸಲ್ ಅಂದೆ. ಮಗಳು ತಣ್ಣಗೆ, "ಅನುದಾನ ಬಂದಿಲ್ಲ ಅಂತ ಹೇಳ್ಬಿಡು, ಮುಗೀತು" ಅಂದ್ಲು. ಸಭೇಲಿ ನಾನು ಹೇಳಿದ್ದೇ ಆ ಉತ್ತರ.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ, ನಮ್ ದೇಶ ಒಪ್ಕೊಂಡಿದ್ದು 1992ರಲ್ಲಿ, ಇದೆಲ್ಲ ಟ್ರೈನಿಂಗಲ್ಲಿ ಕೇಳಿ ಕೇಳಿ ಬಾಯಿಪಾಠ. ಅದರ 12ನೇ ವಿಧೀನ ನೆಟ್ಟಗೆ ಓದಿದ್ದು ಮಾತ್ರ ಇಷ್ಟೆಲ್ಲ ಆದ್ಮೇಲೆ. ಮಕ್ಕಳು ಹೇಳಿದಂಗೆ ಕುಣೀರಿ ಅಂತ ಅಲ್ಲಿಲ್ಲ, ಅವರಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಮಾತು ಕೇಳಿ, ವಯಸ್ಸು ತಿಳುವಳಿಕೆ ನೋಡ್ಕೊಂಡು ಅದಕ್ಕೆ ತೂಕ ಕೊಡಿ ಅಂತಿದೆ. ಹಂಗಾಗಿ ಓಟು ಬಿಟ್ವಿ. ಕೊನೇ ತೀರ್ಮಾನ ನಂದು ಹೆಂಡ್ತೀದು, ಆದ್ರೆ ಬೇಡ ಅನ್ನೋ ಮುಂಚೆ ಪೂರ್ತಿ ಕೇಳಿಸ್ಕೋಬೇಕು, ಯಾಕೆ ಬೇಡ ಅಂತಾನೂ ಹೇಳ್ಬೇಕು.

ಇದಕ್ಕೆ ಪರೀಕ್ಷೆ ಬಂದಿದ್ದು ಸ್ಕೂಟಿ ವಿಷಯದಲ್ಲಿ. ಟ್ಯೂಷನ್‌ಗೆ ಅಮ್ಮನ ಸ್ಕೂಟಿ ಓಡಿಸ್ಕೊಂಡು ಹೋಗ್ತೀನಿ, ನಮ್ ಬ್ಯಾಚಲ್ಲಿ ಎಷ್ಟೊಂದ್ ಜನ ತರ್ತಾರೆ ಅಂತ ಮಗಳ ಹಟ. ಇದು ಚೌಕಾಸಿ ಮಾಡೋ ವಿಷಯಾನೇ ಅಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ್ಮೇಲೆ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಾಕೊಂಡ್ರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗ್ಬಹುದು ಅಂತ ಹೇಳ್ದೆ, ಅದಕ್ಕಿಂತ ಆ ಸರ್ಕಲ್ಲಲ್ಲಿ ಲಾರಿಗಳು ಹೆಂಗ್ ತಿರುಗ್ತಾವೆ ಅಂತ ಅವಳೇ ದಿನಾ ನೋಡ್ತಾಳಲ್ಲ, ಅದನ್ನೂ ಹೇಳ್ದೆ. ಮೊದಲಾಗಿದ್ರೆ ಅಲ್ಲಿಗೆ ಎದ್ದು ಹೋಗ್ತಿದ್ದೆ. ಈ ಸಲ ಕೂತು, ಸ್ಕೂಟಿ ಯಾಕೆ ಬೇಕು ಅಂತ ಕೇಳ್ದೆ. ಸ್ವಲ್ಪ ಹೊತ್ತು ಚಾಪೆ ಅಂಚು ಕೀಳ್ತಾ ಕೂತಿದ್ದು ಆಮೇಲೆ ಹೇಳಿದ್ಲು, ಟ್ಯೂಷನ್ ಏಳೂವರೆಗೆ ಬಿಡುತ್ತೆ, ಮಿಸ್ ಗೇಟ್ ಹಾಕ್ಕೊಂಡು ಒಳಗೆ ಹೋಗ್ತಾರೆ, ಅವಳನ್ನ ಕರ್ಕೊಂಡು ಬರೋಕೆ ನಾನು ಹೋಗೋದು ಎಂಟು ಎಂಟೂಕಾಲು, ಅಲ್ಲೀವರೆಗೂ ಲೈಟ್ ಇಲ್ಲದ ಕಂಬದ ಕೆಳಗೆ ಒಬ್ಳೇ ನಿಂತಿರ್ತಾಳೆ. ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು. ಊರಿನ ಬೀದಿದೀಪದ ಕಂಪ್ಲೇಂಟೆಲ್ಲ ನನ್ ಟೇಬಲ್ಲಿಗೇ ಬರೋದು, ಇದೊಂದು ಬಂದಿರ್ಲಿಲ್ಲ. ಸ್ಕೂಟಿ ಸಿಗ್ಲಿಲ್ಲ, ಆದ್ರೆ ಹೆಂಡ್ತಿ ಮಿಸ್ ಹತ್ರ ಮಾತಾಡಿದ್ಲು, ನಾನು ಬರೋವರೆಗೂ ಒಳಗೇ ಕೂರ್ತಾಳೆ, ನಾನೂ ಏಳೂವರೆಗೆ ಅಲ್ಲಿರ್ಬೇಕು ಅಂತ ರೂಲ್ ಆಯ್ತು.

ರೂಲು ನಮಗೂ ಅಂತ ಗೊತ್ತಾದ್ಮೇಲೆ ಸಣ್ಣೋನಿಗೆ ಹುರುಪು ಬಂತು. ಊಟಕ್ಕೆ ಕೂತಾಗ ಫೋನ್ ಮುಟ್ಟಿದ್ರೆ ಹತ್ ರೂಪಾಯಿ, ಹಾರ್ಲಿಕ್ಸ್ ಬಾಟ್ಲಿಗೆ. ಮೂರನೇ ದಿನಾನೇ ತಾಲ್ಲೂಕ್ ಪಂಚಾಯ್ತಿಯಿಂದ ಫೋನು, ಎತ್ತದೆ ಇರೋ ಹಂಗಿಲ್ಲ, ಒಂದ್ ಕೈ ಸಾರನ್ನದಲ್ಲಿ, ಇನ್ನೊಂದ್ ಕೈಲಿ "ಸರ್ ಸರ್" ಅಂತಿದ್ರೆ ಇವನು ಬಾಟ್ಲಿ ತಂದು ತಟ್ಟೆ ಪಕ್ಕ ಇಟ್ಟು ನಿಂತ. ಅಮ್ಮಂಗೆ ರೇಗ್ತು. "ನಿಮ್ಮಪ್ಪನ ಎದುರಿಗೆ ನೀನ್ ತಲೆ ಎತ್ತಿದ್ದಿಲ್ಲ ಕಣೋ, ಇವ್ರನ್ನ ನೋಡು" ಅಂದ್ರು. ಅದೂ ನಿಜಾನೇ. ಅಪ್ಪಂಗೆ ಹೆದರಿ ಎಷ್ಟೋ ವಿಷಯ ನಾನು ಹೇಳಿದ್ದೇ ಇಲ್ಲ, ಅಮ್ಮಂಗೂ ಅದು ಗೊತ್ತಿಲ್ಲ. ಹತ್ ರೂಪಾಯಿ ಹಾಕಿದೆ.

ಮೊನ್ನೆ ಎಣಿಸಿದ್ರೆ ಬಾಟ್ಲೀಲಿ 140 ಇತ್ತು, ಅದರಲ್ಲಿ 90 ನಂದೇ. ಎಲ್ಲಾ ಗೋಬಿ ಮಂಚೂರಿಗೆ ಹೋಯ್ತು. ಈ ಭಾನುವಾರದ ವಿಷಯ ಮಗಳು ಆಗ್ಲೇ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದಾಳೆ, "ನನ್ನ ರೂಮಿನ ಬಾಗಿಲು ತಟ್ಟಿ ಬರಬೇಕು". ಅಮ್ಮ ಕನ್ನಡಕ ಹಾಕ್ಕೊಂಡು ಎರಡೆರಡು ಸಲ ಓದಿ, ಏನೂ ಹೇಳ್ದೆ ಅಡುಗೆಮನೆಗೆ ಹೋದ್ರು.