ಬಯೋಫಿಲ್ಮ್ ಮೇಲೆ ಪ್ಲಾಂಟಾರಮ್: ಕೆಲಸ ಮಾಡಿದ್ದು ಆಮ್ಲವೋ, ಬೇರೇನೋ?

ತೊಳೆದಿಟ್ಟ ಹಾಲಿನ ಕ್ಯಾನಿನ ಕುತ್ತಿಗೆಯೊಳಗೆ ಬೆರಳಾಡಿಸಿದರೆ ಒಮ್ಮೊಮ್ಮೆ ಲೋಳೆ ಹತ್ತುತ್ತದೆ. ಅದೇ ಬಯೋಫಿಲ್ಮ್, ಸೂಕ್ಷ್ಮಾಣುಗಳು ಅಂಟು ಸುರಿಸಿ ಕಟ್ಟಿದ ಪೊರೆ. ಅದರಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ರೋಗಾಣು ಇದ್ದು ಹಾಲಿಗಿಳಿದು ಬೆಳೆದರೆ, ಅದು ಬಿಡುವ ವಿಷ ಹಾಲು ಕಾಯಿಸಿದರೂ ಹೋಗದು. ಇದರ ಮೇಲೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ (2020ರಿಂದ ಅದರ ಕುಲದ ಹೆಸರು ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್) ಎಷ್ಟು ಕೆಲಸ ಮಾಡುತ್ತದೆಂದು ನಾನು ನೋಡಿದ ಬಗೆ ಹೀಗೆ.

ಪ್ಲಾಂಟಾರಮನ್ನು ಎಂಆರ್‌ಎಸ್ ಬ್ರಾತಿನಲ್ಲಿ (ಈ ಬಗೆಯ ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) 37 ಡಿಗ್ರಿಯಲ್ಲಿ 24 ಗಂಟೆ ಬೆಳೆಸಿ, 8,000 ಜಿಯಲ್ಲಿ (ಗುರುತ್ವದ 8,000 ಪಟ್ಟು) 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಕೋಶಗಳು ತಳಕ್ಕಿಳಿದ ಮೇಲೆ ಮೇಲಿನ ತಿಳಿ ತೆಗೆದೆ. ಪಿಎಚ್ 4ರ ಆಸುಪಾಸು ಇತ್ತು. ಅರ್ಧ ಪಾಲನ್ನು ಹಾಗೇ ಇಟ್ಟು, ಉಳಿದರ್ಧಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಟ್ಟು 6.5ಕ್ಕೆ ತಂದೆ. ಜೊತೆಗೆ ಬರೀ ಎಂಆರ್‌ಎಸ್, ಲ್ಯಾಕ್ಟಿಕ್ ಆಮ್ಲ ಹಾಕಿ ಅದೇ 4ಕ್ಕೆ ಇಳಿಸಿದ ಎಂಆರ್‌ಎಸ್. ಈ ಕೊನೆಯದನ್ನು ಬಿಟ್ಟರೆ ಇಡೀ ಪ್ರಯೋಗ ವ್ಯರ್ಥ, ಏಕೆಂದರೆ ಆಮ್ಲ ಮಾಡಿದ್ದೆಷ್ಟು ಎಂದು ತಿಳಿಯುವುದೇ ಇಲ್ಲ. ಪಿಎಚ್ ಸರಿಮಾಡಿದ ಮೇಲೆಯೇ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಮೊದಲೇ ಸೋಸಿದರೆ ಪಿಎಚ್ ಮೀಟರಿನ ಎಲೆಕ್ಟ್ರೋಡ್ ಅದ್ದಿದಾಗ ಮತ್ತೆ ಸೂಕ್ಷ್ಮಾಣು ಸೇರುತ್ತವೆ.

304 ದರ್ಜೆಯ ಸ್ಟೀಲಿನ 2 ಸೆಂ.ಮೀ. ಚೌಕದ ಬಿಲ್ಲೆಗಳನ್ನು ಅಸಿಟೋನಿನಲ್ಲಿ ಒರೆಸಿ, ತೊಳೆದು, ಆಟೋಕ್ಲೇವ್ ಮಾಡಿದೆ. 1% ಗ್ಲೂಕೋಸ್ ಇರುವ ಟಿಎಸ್‌ಬಿ ಎಂಬ ಪೋಷಕ ದ್ರವದಲ್ಲಿ ಆರಿಯಸ್ ಜೊತೆ 24 ಗಂಟೆ ಇಟ್ಟಾಗ ಪೊರೆ ಹಿಡಿಯಿತು. ಬಫರನ್ನು ಅಂಚಿನಿಂದ ಇಳಿಬಿಟ್ಟು ಎರಡು ಸಲ ತೊಳೆದೆ. ಪಿಪೆಟ್ಟಿನಿಂದ ನೇರ ಚಿಮ್ಮಿಸಿದರೆ ಪೊರೆಯೇ ಕಿತ್ತುಹೋಗುತ್ತದೆ. ನಾಲ್ಕೂ ದ್ರವಗಳಲ್ಲಿ ಮೂರು ಗಂಟೆ ಇಟ್ಟು, ಮತ್ತೆ ತೊಳೆದು, ಗಾಜಿನ ಮಣಿಗಳೊಂದಿಗೆ ಒಂದು ನಿಮಿಷ ವೋರ್ಟೆಕ್ಸ್ ಮಾಡಿ (ಯಂತ್ರದಲ್ಲಿ ಜೋರಾಗಿ ಅಲುಗಾಡಿಸಿ), ಬಿಡಿಸಿಕೊಂಡ ಕೋಶಗಳನ್ನು ಆರಿಯಸ್ ಗುರುತಿಸಲು ಬಳಸುವ ಬೇರ್ಡ್-ಪಾರ್ಕರ್ ಅಗಾರಿಗೆ ಹಚ್ಚಿದೆ. 48 ಗಂಟೆಗೆ ಮಿರುಗುವ ಕಪ್ಪು ಚುಕ್ಕೆ, ಸುತ್ತ ತಿಳಿಯಾದ ವಲಯ: ಅದೇ ಆರಿಯಸ್. ಎಲ್ಲವೂ ಸುರಕ್ಷತಾ ಕ್ಯಾಬಿನೆಟ್ಟಿನೊಳಗೇ ನಡೆಯಬೇಕು.

ಪೊರೆ ಅಳೆಯಲು ಬಳಸುವ ನೇರಳೆ ಬಣ್ಣ ಕ್ರಿಸ್ಟಲ್ ವಯಲೆಟ್ ಒಂದನ್ನೇ ನಂಬಬೇಡಿ. ಅದು ಸತ್ತ ಕೋಶಕ್ಕೂ, ಅಂಟಿಗೂ ಬಣ್ಣ ಕೊಡುತ್ತದೆ. ಜೀವಂತ ಪ್ಲಾಂಟಾರಮ್ ಹಾಕಿದ್ದರೆ ಅದು ತಾನೇ ಕಟ್ಟಿದ ಪೊರೆಯೂ ನೇರಳೆಯಾಗಿ, ರೋಗಾಣು ಹೆಚ್ಚಿದಂತೆ ತೋರುತ್ತದೆ.

ನನ್ನ ತಳಿಯಲ್ಲಿ 6.5ಕ್ಕೆ ತಂದ ತಿಳಿ ತನ್ನ ಶಕ್ತಿಯ ಬಹುಪಾಲು ಕಳೆದುಕೊಂಡಿತು. ಲ್ಯಾಕ್ಟಿಕ್ ಆಮ್ಲದ ಪಿಕೆಎ (ಅರ್ಧ ಆಮ್ಲ ಅಯಾನಾಗಿ ಒಡೆದಿರುವ ಪಿಎಚ್) 3.86, ಅಯಾನಾಗಿ ಒಡೆಯದ ಆಮ್ಲ ಮಾತ್ರ ಸಲೀಸಾಗಿ ಕೋಶದೊಳಗೆ ನುಗ್ಗುತ್ತದೆ, 6.5ರಲ್ಲಿ ಅದು ಬಹುತೇಕ ಉಳಿದಿರುವುದಿಲ್ಲ. ಉಳಿದ ಅಲ್ಪ ಪರಿಣಾಮ ಪ್ರೋಟೀನ್ ಒಡೆಯುವ ಕಿಣ್ವವಾದ ಪ್ರೊಟೀನೇಸ್ ಕೆ ಹಾಕಿದಾಗ ಹೋಯಿತು, ಅಂದರೆ ಅದು ಬ್ಯಾಕ್ಟೀರಿಯೊಸಿನ್ (ಬೇರೆ ಬ್ಯಾಕ್ಟೀರಿಯಾ ಕೊಲ್ಲಲು ಬ್ಯಾಕ್ಟೀರಿಯಾವೇ ಬಿಡುವ ಪ್ರೋಟೀನ್) ಇರಬೇಕು. ಹಳೆಯ ಪೊರೆ ತೆಗೆಯಲು ಈ ತಿಳಿ ಸಾಲದು. ಕಾಸ್ಟಿಕ್ ತೊಳೆತದ ನಂತರ, ಹೊಸದು ಹಿಡಿಯುವ ಮೊದಲು ಹಾಕಿದರೆ ಹೆಚ್ಚು ಫಲ.

ಎಂಆರ್‌ಎಸ್ ಆಹಾರಕ್ಕಲ್ಲ. ಕ್ಯಾನಿಗೆ ಬಳಸಲು ಈಗ ಹಾಲೊಡಕಿನಲ್ಲಿ, 0.5% ಯೀಸ್ಟ್ ಸಾರ ಸೇರಿಸಿ ಬೆಳೆಸುತ್ತಿದ್ದೇನೆ. ಹಾಲೊಡಕನ್ನು ಮೊದಲು ಪಿಎಚ್ 4.6ಕ್ಕೆ ಇಳಿಸಿ, ಕುದಿಸಿ, ಒಡೆದ ಪ್ರೋಟೀನ್ ಸೋಸಿ, ಪಿಎಚ್ ಮತ್ತೆ 6.5ಕ್ಕೆ ಏರಿಸಬೇಕು. ಇಲ್ಲವಾದರೆ ಕೊನೆಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.