ಶುಕ್ರವಾರ ಇಟ್ಟ ಪಾತ್ರೆ

ಮಂಗಳೂರಿನ ಕಡೆಯವಳು ನಾನು. ಕೋಳಿ, ಅನ್ನದ ವಿಷಯದಲ್ಲಿ ಯಾರಿಂದಲೂ ಪಾಠ ಬೇಕಿಲ್ಲ ಎಂದುಕೊಂಡೇ ಇಸ್ರೇಲಿನ ರಮತ್ ಗನ್‌ನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಸೇರಿದೆ. ಮೊದಲ ಶುಕ್ರವಾರವೇ ಆ ಜಂಭ ಇಳಿಯಿತು.

ಮನೆಯ ಅಜ್ಜಿ ಬಾಗ್ದಾದಿನವರು. 1950–51ರಲ್ಲಿ ಇರಾಕಿನಿಂದ ವಿಮಾನವೇರಿ ಬಂದ ಸುಮಾರು 1,20,000 ಯಹೂದಿಗಳಲ್ಲಿ ಅವರ ಕುಟುಂಬವೂ ಒಂದು. ಶನಿವಾರಕ್ಕೆ ಅವರಿಗೆ ತಬೀತ್ ಆಗಲೇಬೇಕು: ಹೊಟ್ಟೆಗೆ ಅಕ್ಕಿ ತುಂಬಿದ ಇಡೀ ಕೋಳಿ, ಸುತ್ತಲೂ ಮತ್ತೆ ಅಕ್ಕಿ. ಶುಕ್ರವಾರ ಸೂರ್ಯ ಮುಳುಗಿದರೆ ಸಬ್ಬತ್, ಯಹೂದಿಗಳ ವಾರದ ವಿಶ್ರಾಂತಿಯ ದಿನ; ಮತ್ತೆ ಬೆಂಕಿ ಹೊತ್ತಿಸುವಂತಿಲ್ಲ, ಬೇಯಿಸುವಂತಿಲ್ಲ. ಹಾಗಾಗಿ ಹಗಲಿರುವಾಗಲೇ ಕುದಿಸಿ, ಸಣ್ಣ ಕಾವಿನ ಮೇಲೆ ರಾತ್ರಿಯಿಡೀ ಬಿಟ್ಟುಬಿಡಬೇಕು.

ಅಕ್ಕಿಗೆ ಟೊಮೆಟೊ, ಏಲಕ್ಕಿ, ದಾಲ್ಚಿನ್ನಿ, ಲವಂಗ, ಅರಿಶಿನ ಬೆರೆಸಿದೆ. ಇಲ್ಲಿಯವರೆಗೆ ನಮ್ಮ ಮನೆಯೇ. ಹುರಿಯಲು ಬೆಣ್ಣೆಗೆ ಕೈ ಹಾಕಿದೆ, ಅಜ್ಜಿ ಹೌಹಾರಿದರು. ಅವರ ಧರ್ಮದಲ್ಲಿ ಮಾಂಸಕ್ಕೆ ಹಾಲಿನ ಸೋಂಕೂ ಕೂಡದು, ಎರಡಕ್ಕೂ ಪಾತ್ರೆಗಳೇ ಬೇರೆ. ಕೋಳಿಯ ಹೊಟ್ಟೆಯನ್ನು ಸೂಜಿದಾರದಿಂದ ಹೊಲಿದೆ. ನೀರನ್ನು ಮಾತ್ರ ಕುಚ್ಚಲಕ್ಕಿಯ ಅಂದಾಜಿನಲ್ಲಿ ಸುರಿದೆ! ಮರುದಿನ ತೆಗೆದು ನೋಡಿದರೆ ಗಂಜಿ. ಅಜ್ಜಿ ಏನೂ ಅನ್ನದೆ ಚಮಚ ತರಿಸಿಕೊಂಡರು. ಬೈದಿದ್ದರೆ ವಾಸಿಯಿತ್ತು.

ಈಗ ಕೈ ಕುದುರಿದೆ. ಹೊಟ್ಟೆಯನ್ನು ಸಡಿಲವಾಗಿ ತುಂಬುತ್ತೇನೆ, ಅಕ್ಕಿ ಅರಳಲು ಜಾಗ ಬೇಕು. ಅನ್ನದ ಮೇಲೆ ತೊಳೆದ ಮೊಟ್ಟೆಗಳನ್ನು ಚಿಪ್ಪಿನ ಸಮೇತ ಇಡುತ್ತೇನೆ. ಆದರೆ ಎಲ್ಲ ನಾನೇ ಮಾಡಿದರೂ ಪಾತ್ರೆಯನ್ನು ಒಲೆಗೆ ಇಡುವವರು ಅಜ್ಜಿಯೇ. ಯಹೂದಿಯ ಕೈಯಿಂದಲೇ ಅದು ಆಗಬೇಕೆಂಬುದು ಅವರು ಪಾಲಿಸಿಕೊಂಡು ಬಂದ ಕಟ್ಟಳೆ. ಅವರ ಬೆರಳುಗಳು ನಡುಗುತ್ತವೆ. ಒಂದು ಹಿಡಿಯನ್ನು ಅವರು, ಇನ್ನೊಂದನ್ನು ನಾನು ಹಿಡಿದು ಒಲೆಯ ಮೇಲೆ ಇಡುತ್ತೇವೆ.

ಬೆಳಿಗ್ಗೆ ಮೊದಲು ಹೊರಬರುವುದು ಮೊಟ್ಟೆ. ಸುಲಿದರೆ ಬಿಳಿಭಾಗ ಕಡು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಹಿಂದಿನ ದಿನವೇ ಕರಿದಿಟ್ಟ ಬದನೆಕಾಯಿಯ ಜೊತೆ ಅದನ್ನು ಪೀಟಾ ರೊಟ್ಟಿಯೊಳಗೆ ಇಟ್ಟು ತಿನ್ನುತ್ತಾರೆ. ಇದೇ ಜೋಡಿ ಈ ಊರಿನ ಅಂಗಡಿಗಳಲ್ಲಿ ಸಬೀಹ್ ಎಂಬ ತಿಂಡಿಯಾಗಿದೆ. ಮಧ್ಯಾಹ್ನ ಕೋಳಿ ಮೂಳೆ ಬಿಟ್ಟು ಬರುತ್ತದೆ, ತಳ ಹಿಡಿದ ಅನ್ನಕ್ಕೆ ಮೊಮ್ಮಕ್ಕಳ ಜಗಳ.

ಮೊಟ್ಟೆಗೆ ಹಚ್ಚಲು ಅಜ್ಜಿ ಒಂದು ಹಳದಿ ಶೀಸೆ ತೋರಿಸಿ "ಅಂಬಾ" ಎಂದಾಗ ನಾನು ನಕ್ಕುಬಿಟ್ಟೆ. ಮಾವಿನಕಾಯಿ, ಮೆಂತ್ಯ, ಅರಿಶಿನದ ಉಪ್ಪಿನಕಾಯಿ. ಮುಂಬಯಿಯಲ್ಲಿ ವ್ಯಾಪಾರಕ್ಕಿದ್ದ ಬಾಗ್ದಾದಿ ಯಹೂದಿಗಳ ಮೂಲಕ ಇರಾಕಿಗೆ ಹೋಯಿತಂತೆ. ನಮ್ಮ ಮನೆಯ ಕೊಂಕಣಿಯಲ್ಲಿ ಮಾವು 'ಆಂಬೊ'. ಹೇಳಿದೆ. ಅಜ್ಜಿ ಎರಡು ಸಲ ಹೇಳಿಸಿಕೊಂಡು, ನನ್ನ ತಟ್ಟೆಗೂ ಒಂದು ಚಮಚ ಸುರಿದರು.